ಕಾಣದ ಗಿರಾಕಿಗೆ ಕಾಣುವಂತೆ ಬರೆಯೋಣ



ವಾರಕ್ಕಿಷ್ಟು ಉಳಿತಾಯ, ಆಂತರಿಕ ಸಾಲ, ಬ್ಯಾಂಕ್ ಜೋಡಣೆ ಎಂದು ಶುರುವಾದ ನಮ್ಮ ಸಂಘಗಳು ಇಂದು ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ, ರಾಗಿ ಹುರಿಹಿಟ್ಟು, ಬಟ್ಟೆ ಚೀಲ, ಮೇಣದ ಬತ್ತಿ ಹೀಗೆ ಹತ್ತಾರು ವಸ್ತುಗಳನ್ನು ತಯಾರಿಸುತ್ತಿವೆ. ಇವನ್ನು ಸಂತೆಯಲ್ಲಿ, ಜಾತ್ರೆಯಲ್ಲಿ, ಚರ್ಚಿನ ಹಬ್ಬದ ಸ್ಟಾಲಿನಲ್ಲಿ, ಸರಸ್ ಮೇಳದಲ್ಲಿ ಮಾರುವುದು ನಮಗೆ ಗೊತ್ತಿರುವ ದಾರಿ. ಈಗ ಇನ್ನೊಂದು ದಾರಿ ತೆರೆದಿದೆ. ಅದು ವೆಬ್‌ಸೈಟ್, ಅಂದರೆ ಜಾಲತಾಣ. ಸ್ವಸಹಾಯ ಸಂಘಗಳ ಉತ್ಪನ್ನಗಳನ್ನು ಮಾರಲೆಂದೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದ 'ಇ-ಸರಸ್' ಜಾಲತಾಣ ಇದೆ. 2016ರಲ್ಲಿ ಆರಂಭವಾದ 'ಜೆಮ್' ಎಂಬ ಸರ್ಕಾರಿ ಇ-ಮಾರುಕಟ್ಟೆಯ ಮೂಲಕ ಸರ್ಕಾರಿ ಇಲಾಖೆಗಳಿಗೆ ಮಾರಬಹುದು. ಮಹಿಳಾ ಉದ್ಯಮಿಗಳಿಗೆ ಮತ್ತು ಸಂಘಗಳಿಗೆ ಅದರಲ್ಲಿ 'ವುಮೇನಿಯಾ' ಎಂಬ ಪ್ರತ್ಯೇಕ ವಿಭಾಗವೂ ಇದೆ. ಕೆಲವು ಒಕ್ಕೂಟಗಳು ಸ್ವಂತ ಜಾಲತಾಣವನ್ನೇ ಮಾಡಿಸಿಕೊಳ್ಳುತ್ತಿವೆ.

ವಸ್ತು ತಯಾರಿಸುವುದು ನಮಗೆ ಬರುತ್ತದೆ. ಫೋಟೋ ತೆಗೆಯುವುದನ್ನು ಮಕ್ಕಳು ಹೇಳಿಕೊಡುತ್ತಾರೆ. ಆದರೆ ಫೋಟೋ ಕೆಳಗೆ ನಾಲ್ಕು ಸಾಲು ಬರೆಯಬೇಕು ಎಂದಾಗ ಪೆನ್ನು ನಿಂತುಬಿಡುತ್ತದೆ. "ಏನಾದ್ರೂ ಚೆನ್ನಾಗಿ ಬರ್ದು ಹಾಕಪ್ಪಾ" ಎಂದು ಕಂಪ್ಯೂಟರ್ ಅಂಗಡಿಯ ಹುಡುಗನಿಗೆ ಬಿಟ್ಟುಬಿಡುತ್ತೇವೆ. ಆ ನಾಲ್ಕು ಸಾಲನ್ನು ನಾವೇ ಬರೆಯಬೇಕು, ಬರೆಯಲು ನಮಗೆ ಬರುತ್ತದೆ ಎಂಬುದೇ ಈ ಲೇಖನದ ವಿಷಯ.

ಸಂತೆಗೂ ಜಾಲತಾಣಕ್ಕೂ ಇರುವ ವ್ಯತ್ಯಾಸ

ಸಂತೆಯಲ್ಲಿ ಗಿರಾಕಿ ನಮ್ಮ ಎದುರಿಗೇ ನಿಂತಿರುತ್ತಾರೆ. ಹಪ್ಪಳವನ್ನು ಮುಟ್ಟಿ ನೋಡುತ್ತಾರೆ, ಉಪ್ಪಿನಕಾಯಿಯ ವಾಸನೆ ನೋಡುತ್ತಾರೆ. "ಖಾರ ಜಾಸ್ತಿಯಾ ಅಕ್ಕಾ? ಎಷ್ಟು ದಿನ ಇಡಬಹುದು?" ಎಂದು ಕೇಳುತ್ತಾರೆ. ನಾವು ಕೂಡಲೇ ಉತ್ತರ ಕೊಡುತ್ತೇವೆ. ಅವರ ಮುಖ ನೋಡಿದರೇ ಕೊಳ್ಳುತ್ತಾರೋ ಇಲ್ಲವೋ ಗೊತ್ತಾಗುತ್ತದೆ.

ಜಾಲತಾಣದಲ್ಲಿ ಇದು ಯಾವುದೂ ಇಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಅಥವಾ ಮುಂಬೈಯಲ್ಲಿ ಕುಳಿತು ರಾತ್ರಿ ಹತ್ತು ಗಂಟೆಗೆ ಮೊಬೈಲಿನಲ್ಲಿ ನೋಡುವ ಗಿರಾಕಿಗೆ ನಾವು ಕಾಣುವುದಿಲ್ಲ. ಮುಟ್ಟಲು ಆಗುವುದಿಲ್ಲ, ಕೇಳಲು ಆಗುವುದಿಲ್ಲ. ನಾವು ಆ ಹೊತ್ತಿಗೆ ಮಲಗಿರುತ್ತೇವೆ. ನಮ್ಮ ಬದಲಿಗೆ ಅಲ್ಲಿ ಕುಳಿತಿರುವುದು ನಾವು ಬರೆದ ಮಾತು ಮಾತ್ರ. ಗಿರಾಕಿಯ ಪ್ರಶ್ನೆಗೆ ಉತ್ತರ ಅಲ್ಲಿದ್ದರೆ ವ್ಯಾಪಾರ ಆಗುತ್ತದೆ. ಇಲ್ಲದಿದ್ದರೆ ಅವರು ಮುಂದಿನ ಅಂಗಡಿಗೆ ಹೋಗುತ್ತಾರೆ. ಉತ್ತರ ಇದ್ದರೂ ಅದು ಸುಳ್ಳಾಗಿದ್ದರೆ ವಸ್ತು ವಾಪಸ್ ಬರುತ್ತದೆ. ಬರುವ ಹೋಗುವ ಕೊರಿಯರ್ ಖರ್ಚು ನಮ್ಮ ಮೇಲೆ ಬೀಳಬಹುದು. ಸಂಘದ ಸಾಲದ ಕಂತು ಕಟ್ಟಬೇಕಾದ ಹಣ ಅದು ಎಂಬುದನ್ನು ಮರೆಯಬಾರದು.

ಜನ ಹೇಗೆ ಓದುತ್ತಾರೆ?

ಜಾಲತಾಣವನ್ನು ಜನ ಪುಸ್ತಕ ಓದಿದ ಹಾಗೆ ಓದುವುದಿಲ್ಲ. ಅಕ್ಕಿ ಆರಿಸುವಾಗ ಕಣ್ಣು ಹೇಗೆ ಕಲ್ಲಿನ ಮೇಲೇ ಹೋಗುತ್ತದೋ ಹಾಗೆ ತಮಗೆ ಬೇಕಾದ್ದನ್ನು ಮಾತ್ರ ಹುಡುಕುತ್ತಾರೆ. ಅಮೆರಿಕದಲ್ಲಿ ಜಾನ್ ಮೋರ್ಕ್ಸ್ ಮತ್ತು ಜೇಕಬ್ ನೀಲ್ಸನ್ ಎಂಬ ಇಬ್ಬರು 1997ರಲ್ಲಿ ಈ ಬಗ್ಗೆ ಅಧ್ಯಯನ ಮಾಡಿದರು. ಅವರು ಗಮನಿಸಿದವರಲ್ಲಿ ಶೇಕಡ 79 ಮಂದಿ ಹೊಸ ಪುಟ ಬಂದಾಗ ಮೇಲಿಂದ ಮೇಲೆ ಕಣ್ಣಾಡಿಸಿದರು. ಪದ ಪದವಾಗಿ ಓದಿದವರು ಶೇಕಡ 16 ಮಾತ್ರ.

ಅವರು ಇನ್ನೊಂದು ಪರೀಕ್ಷೆಯನ್ನೂ ಮಾಡಿದರು. ನೆಬ್ರಾಸ್ಕ ಎಂಬ ರಾಜ್ಯದ ಪ್ರವಾಸಿ ಸ್ಥಳಗಳ ಬಗ್ಗೆ ಒಂದೇ ಮಾಹಿತಿಯನ್ನು ಬೇರೆ ಬೇರೆ ರೀತಿ ಬರೆದು ಜನರಿಗೆ ತೋರಿಸಿದರು. ಮೊದಲನೆಯದು ಜಾಹೀರಾತಿನ ಹಾಗೆ ಹೊಗಳಿಕೆ ತುಂಬಿದ ಬರಹ. ಅದಕ್ಕೆ ಹೋಲಿಸಿದರೆ, ಅರ್ಧದಷ್ಟು ಪದಗಳಲ್ಲಿ ಬರೆದದ್ದು ಓದುವವರಿಗೆ ಶೇಕಡ 58ರಷ್ಟು ಹೆಚ್ಚು ಉಪಯೋಗಕ್ಕೆ ಬಂತು. ಚಿಕ್ಕದಾಗಿ, ಪಟ್ಟಿ ಮಾಡಿ, ಹೊಗಳಿಕೆ ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಬರೆದದ್ದು ಶೇಕಡ 124ರಷ್ಟು ಹೆಚ್ಚು ಉಪಯೋಗಕ್ಕೆ ಬಂತು. ಅಂದರೆ ಎರಡು ಪಟ್ಟಿಗಿಂತಲೂ ಮೇಲೆ. ಹೊಗಳಿಕೆ ಓದಿದಾಗ "ಇದು ನಿಜ ಇರಬಹುದಾ?" ಎಂದು ಯೋಚಿಸುವುದರಲ್ಲೇ ಓದುವವರ ಗಮನ ಹೋಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಅದು ನಮ್ಮ ಸಂತೆಗೂ ನಿಜವಲ್ಲವೇ? ಜಾಸ್ತಿ ಹೊಗಳುವ ವ್ಯಾಪಾರಿಯ ತಕ್ಕಡಿಯನ್ನು ನಾವು ಎರಡು ಸಲ ನೋಡುತ್ತೇವೆ.

ನಡಾವಳಿ ಬರೆಯುವವರಿಗೆ ಇದು ಹೊಸದಲ್ಲ

ನಮ್ಮ ಪ್ರತಿಯೊಂದು ಸಂಘದಲ್ಲೂ ನಡಾವಳಿ ಪುಸ್ತಕ ಇದೆ. ಅದರಲ್ಲಿ ನಾವು ಏನು ಬರೆಯುತ್ತೇವೆ? ಸಭೆ ಯಾವತ್ತು ನಡೆಯಿತು, ಯಾರು ಬಂದಿದ್ದರು, ಯಾರಿಗೆ ಎಷ್ಟು ಸಾಲ, ಯಾವ ಉದ್ದೇಶಕ್ಕೆ, ಎಷ್ಟು ಕಂತು. "ಸಭೆಯು ಅತ್ಯಂತ ಅದ್ಧೂರಿಯಾಗಿ ನಡೆಯಿತು" ಎಂದು ಯಾರೂ ಬರೆಯುವುದಿಲ್ಲ. ಸಭೆಗೆ ಬಾರದ ಸದಸ್ಯೆ ಆರು ತಿಂಗಳ ನಂತರ ತೆಗೆದು ಓದಿದರೂ ಅವಳಿಗೆ ಎಲ್ಲಾ ತಿಳಿಯಬೇಕು, ಬ್ಯಾಂಕಿನವರು ಓದಿದರೂ ತಿಳಿಯಬೇಕು.

ಜಾಲತಾಣದ ಗಿರಾಕಿಯೂ ನಮ್ಮ ಸಭೆಗೆ ಬಾರದವರೇ. ಅವರಿಗೂ ನಡಾವಳಿಯ ಹಾಗೆ ಬರೆದರೆ ಸಾಕು. ಏನು, ಎಷ್ಟು, ಯಾವುದರಿಂದ, ಯಾರು ಮಾಡಿದ್ದು, ಎಷ್ಟು ದಿನ ಬಾಳುತ್ತದೆ, ಬೆಲೆ ಎಷ್ಟು, ಹೇಗೆ ತರಿಸಿಕೊಳ್ಳುವುದು, ಕೆಟ್ಟು ಬಂದರೆ ಯಾರನ್ನು ಕೇಳುವುದು. ಈ ಎಂಟು ಪ್ರಶ್ನೆಗೆ ಉತ್ತರ ಇದ್ದರೆ ಬರಹ ಮುಗಿಯಿತು.

ಒಂದು ಉದಾಹರಣೆ

ಮಲೆನಾಡಿನ ಒಂದು ಸಂಘ ಹಲಸಿನ ಹಪ್ಪಳ ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಸಾಮಾನ್ಯವಾಗಿ ಹೀಗೆ ಬರೆದಿರುತ್ತಾರೆ:

"ನಮ್ಮ ಸಂಘವು ಹಲವಾರು ವರ್ಷಗಳಿಂದ ಅತ್ಯುತ್ತಮ ಗುಣಮಟ್ಟದ, ಬಾಯಲ್ಲಿ ನೀರೂರಿಸುವ, ಆರೋಗ್ಯಕರವಾದ, ಶುದ್ಧ ಹಾಗೂ ಸ್ವಾದಿಷ್ಟ ಹಲಸಿನ ಹಪ್ಪಳಗಳನ್ನು ಕೈಗೆಟುಕುವ ದರದಲ್ಲಿ ತಯಾರಿಸಿ ಪೂರೈಸುತ್ತಾ ಬಂದಿದ್ದು, ಒಮ್ಮೆ ಸವಿದರೆ ಮತ್ತೆ ಮತ್ತೆ ಸವಿಯಬೇಕೆನಿಸುವುದು ಖಚಿತ. ಇಂದೇ ಸಂಪರ್ಕಿಸಿ."

ಓದಲು ಚೆನ್ನಾಗಿಯೇ ಇದೆ. ಆದರೆ ಒಂದು ಪ್ಯಾಕೆಟ್‌ನಲ್ಲಿ ಎಷ್ಟು ಹಪ್ಪಳ? ಬೆಲೆ ಎಷ್ಟು? ಕರಿದದ್ದೋ, ಕರಿಯಬೇಕೋ? ಏನೂ ಗೊತ್ತಾಗಲಿಲ್ಲ. ಇದೇ ಸಾಲುಗಳನ್ನು ಉಪ್ಪಿನಕಾಯಿಗೂ ಹಾಕಬಹುದು. ಯಾವ ವಸ್ತುವಿಗೂ ಹೊಂದುವ ಮಾತು ನಮ್ಮ ವಸ್ತುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಈಗ ಇದನ್ನು ಓದಿ:

"ಹಲಸಿನ ಹಪ್ಪಳ. 25 ಹಪ್ಪಳ, 250 ಗ್ರಾಂ. ಬೆಲೆ 120 ರೂಪಾಯಿ, ಎಲ್ಲಾ ತೆರಿಗೆ ಸೇರಿ. ಅಂಚೆ ಖರ್ಚು ಬೇರೆ.
ಹಾಕಿರುವುದು: ಬಲಿತ ಹಲಸಿನಕಾಯಿ, ಒಣಮೆಣಸು, ಜೀರಿಗೆ, ಉಪ್ಪು. ಬಣ್ಣ, ಸೋಡಾ ಹಾಕಿಲ್ಲ.
ಖಾರ: ಮಧ್ಯಮ.
ಕರಿದಿಲ್ಲ. ಬಿಸಿಲಿನಲ್ಲಿ ಒಣಗಿಸಿದೆ. ಎಣ್ಣೆಯಲ್ಲಿ ಕರಿದು ತಿನ್ನಬೇಕು.
ಕೈಯಿಂದ ತಟ್ಟಿದ್ದು. ಗಾತ್ರದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ.
ಗಾಳಿಯಾಡದ ಡಬ್ಬಿಯಲ್ಲಿ ಇಡಿ. ತಯಾರಿಸಿದ ದಿನದಿಂದ 6 ತಿಂಗಳೊಳಗೆ ಬಳಸಿ.
ಮಳೆಗಾಲದಲ್ಲಿ ಹೊಸದಾಗಿ ತಯಾರಿಸುವುದಿಲ್ಲ. ಸಂಗ್ರಹ ಇರುವವರೆಗೆ ಮಾತ್ರ ಸಿಗುತ್ತದೆ.
ಹಪ್ಪಳ ಒಡೆದು ಬಂದರೆ ಪ್ಯಾಕೆಟ್ ಬಿಚ್ಚಿದ ದಿನವೇ ಫೋಟೋ ಕಳಿಸಿ. ಬದಲಿ ಕಳಿಸುತ್ತೇವೆ."

ಇಲ್ಲಿ 'ರುಚಿ' ಎಂಬ ಪದವೇ ಇಲ್ಲ. ಆದರೂ ಯಾವುದು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ? "ಗಾತ್ರದಲ್ಲಿ ಸ್ವಲ್ಪ ಹೆಚ್ಚು ಕಡಿಮೆ" ಎಂದು ಮೊದಲೇ ಹೇಳಿದ್ದರಿಂದ ಆ ದೂರು ಬರುವುದು ತಪ್ಪಿತು. ಮೇಲಾಗಿ ಕೈಯಿಂದ ತಟ್ಟಿದ್ದು ಎಂಬುದಕ್ಕೆ ಅದೇ ಸಾಕ್ಷಿಯೂ ಆಯಿತು. ಮಳೆಗಾಲದ ಮಾತು ಬರೆದಿದ್ದರಿಂದ ಆಗಸ್ಟ್‌ನಲ್ಲಿ ಆರ್ಡರ್ ಮಾಡಿ ಕಾಯುವವರ ಬೈಗುಳವೂ ತಪ್ಪಿತು.

ಬರೆಯುವಾಗ ನೆನಪಿಡಬೇಕಾದ್ದು

1. ಮುಖ್ಯವಾದದ್ದು ಮೊದಲು. ಹೆಸರು, ತೂಕ, ಬೆಲೆ ಮೇಲಿನ ಸಾಲಿನಲ್ಲೇ ಇರಲಿ. ಸಂಘ ಯಾವಾಗ ಸ್ಥಾಪನೆಯಾಯಿತು, ಉದ್ಘಾಟನೆಗೆ ಯಾರು ಬಂದಿದ್ದರು ಎಂಬುದು 'ನಮ್ಮ ಬಗ್ಗೆ' ಎಂಬ ಪುಟದಲ್ಲಿರಲಿ.

2. ಒಂದು ವಾಕ್ಯಕ್ಕೆ ಒಂದೇ ವಿಷಯ. ಓದುವಾಗ ನಡುವೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ಆ ವಾಕ್ಯವನ್ನು ಎರಡು ಮಾಡಿ.

3. ಆಡುವ ಮಾತನ್ನೇ ಬರೆಯಿರಿ. 'ಉಪಯೋಗಿಸಲ್ಪಡುವ', 'ತಯಾರಿಸಲ್ಪಟ್ಟಿರುವ' ಎಂದು ಯಾರೂ ಮಾತಾಡುವುದಿಲ್ಲ. 'ಬಳಸುವ', 'ನಾವು ಮಾಡಿದ' ಎಂದರೆ ಸಾಕು.

4. ಅಳತೆ ಎಲ್ಲರಿಗೂ ತಿಳಿಯುವಂತಿರಲಿ. ಸೇರು, ಪಾವು, ಮೊಳ ಊರಿಂದ ಊರಿಗೆ ಬದಲಾಗುತ್ತವೆ. ಗ್ರಾಂ, ಲೀಟರ್, ಸೆಂಟಿಮೀಟರ್ ಎಲ್ಲಾ ಕಡೆ ಒಂದೇ. 'ದೊಡ್ಡ ಚೀಲ' ಎನ್ನುವ ಬದಲು '40 ಸೆಂ.ಮೀ. ಎತ್ತರ, 35 ಸೆಂ.ಮೀ. ಅಗಲ' ಎಂದು ಬರೆಯಿರಿ.

5. ಊರಿನ ಹೆಸರಿಗೆ ವಿವರಣೆ ಕೊಡಿ. ನಮ್ಮೂರಲ್ಲಿ 'ಹುರಿಹಿಟ್ಟು' ಎಂದರೆ ಮಗುವಿಗೂ ಗೊತ್ತು. ಬೇರೆ ಕಡೆಯವರಿಗೆ ಗೊತ್ತಿರುವುದಿಲ್ಲ. "ರಾಗಿಯನ್ನು ಹುರಿದು ಅರಳಿಸಿ ಬೀಸಿದ ಹಿಟ್ಟು, ಹಾಲು ಬೆಲ್ಲ ಕಲಸಿ ತಿನ್ನುತ್ತಾರೆ" ಎಂದು ಒಂದು ಸಾಲು ಸೇರಿಸಿ. ಊರಿನ ಹೆಸರನ್ನು ಮಾತ್ರ ಬಿಡಬೇಡಿ. ಊರು ಬಿಟ್ಟು ದೂರ ಹೋದವರು ಆ ಹೆಸರಿನಿಂದಲೇ ಹುಡುಕುತ್ತಾರೆ.

6. ವಿವರಗಳನ್ನು ಫೋಟೋ ಒಳಗೆ ಬರೆಸಬೇಡಿ. ಬಣ್ಣಬಣ್ಣದ ಪೋಸ್ಟರ್ ಮಾಡಿಸಿ ಅದರಲ್ಲೇ ಬೆಲೆ, ತೂಕ ಬರೆಸಿದರೆ ಮೊಬೈಲಿನಲ್ಲಿ ಅಕ್ಷರ ಸಣ್ಣಗೆ ಕಾಣುತ್ತದೆ, ಹುಡುಕಿದಾಗ ಸಿಗುವುದೂ ಕಷ್ಟ. ಕಣ್ಣು ಕಾಣದವರು ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಬಳಸುತ್ತಾರೆ. ಅವರಿಗೂ ಅಕ್ಷರವಾಗಿ ಬರೆದದ್ದೇ ಅನುಕೂಲ.

7. ಕನ್ನಡವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಬೇರೆಯವರ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಬರೆದರೆ ಈ ತೊಂದರೆ ಇಲ್ಲ. ಇಂಗ್ಲಿಷ್‌ನಲ್ಲೂ ಬರೆಸುವುದಾದರೆ ಎರಡರಲ್ಲೂ ತೂಕ, ಬೆಲೆ ಒಂದೇ ಇದೆಯೇ ನೋಡಿಕೊಳ್ಳಿ.

8. ಹಳತಾಗಲು ಬಿಡಬೇಡಿ. ಹೋದ ವರ್ಷದ ಬೆಲೆ, ಬದಲಾದ ಫೋನ್ ನಂಬರ್ ಜಾಲತಾಣದಲ್ಲಿ ಉಳಿದರೆ, ಬಾಗಿಲು ಮುಚ್ಚಿದ ಅಂಗಡಿಗೆ ಬೋರ್ಡು ಹಾಕಿದ ಹಾಗೆ.

ಬರೆಯಲೇಬೇಕಾದ್ದು, ಬರೆಯಬಾರದ್ದು

ಕೆಲವು ವಿಷಯಗಳು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಪ್ಯಾಕೆಟ್ ಮಾಡಿದ ಸರಕುಗಳ ಬಗ್ಗೆ 2011ರ ನಿಯಮಗಳಿವೆ. ಅವುಗಳ ತಿದ್ದುಪಡಿಯಂತೆ 2018ರ ಜನವರಿ 1ರಿಂದ ಆನ್‌ಲೈನ್ ಮಾರಾಟದಲ್ಲಿ ತಯಾರಕರ ಹೆಸರು ಮತ್ತು ವಿಳಾಸ, ವಸ್ತುವಿನ ಸಾಮಾನ್ಯ ಹೆಸರು, ನಿವ್ವಳ ತೂಕ, ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ, ಇವು ಪುಟದಲ್ಲಿ ಕಾಣಬೇಕು. ತಯಾರಾದ ತಿಂಗಳು, ವರ್ಷ ಪ್ಯಾಕೆಟ್ ಮೇಲೆ ಇರಬೇಕು. ತಿನ್ನುವ ವಸ್ತುವಾದರೆ ಎಫ್‌ಎಸ್‌ಎಸ್‌ಎಐ ನೀಡುವ 14 ಅಂಕಿಗಳ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ಬಳಸಿದ ಸಾಮಗ್ರಿಗಳ ಪಟ್ಟಿ ಬೇಕು.

ಸಾಮಗ್ರಿಗಳ ಪಟ್ಟಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಶೇಂಗಾ, ಹಾಲು, ಗೋಧಿ, ಸೋಯಾ, ಗೋಡಂಬಿ ಮುಂತಾದವು ಕೆಲವರ ಮೈಗೆ ಒಗ್ಗುವುದಿಲ್ಲ. ಚಟ್ನಿಪುಡಿಗೆ ಒಂದು ಹಿಡಿ ಶೇಂಗಾ ಹಾಕುವುದು ನಮಗೆ ಸಣ್ಣ ವಿಷಯ. ಶೇಂಗಾ ಒಗ್ಗದ ಮಗುವಿಗೆ ಒಂದು ಚಮಚದಿಂದಲೇ ಉಸಿರು ಕಟ್ಟಬಹುದು. ಆ ಮಗುವಿನ ತಾಯಿ ನಂಬುವುದು ನಾವು ಬರೆದ ಆ ಒಂದು ಸಾಲನ್ನೇ.

ಇನ್ನು ಬರೆಯಬಾರದ ಮಾತು. "ನಮ್ಮ ರಾಗಿ ಮಾಲ್ಟ್ ಕುಡಿದರೆ ಸಕ್ಕರೆ ಕಾಯಿಲೆ ವಾಸಿ", "ಮಂಡಿನೋವು ಮಾಯ", "ವೈದ್ಯರು ಶಿಫಾರಸು ಮಾಡಿದ್ದು", ಇಂಥವು ಬೇಡ. ಆಹಾರದ ಜಾಹೀರಾತುಗಳ ಬಗ್ಗೆ 2018ರಲ್ಲಿ ಬಂದ ನಿಯಮಗಳು ಇಂಥ ಮಾತುಗಳನ್ನು ತಡೆಯುತ್ತವೆ. ನಿಯಮ ಇರಲಿ ಬಿಡಲಿ, ಯೋಚಿಸಿ ನೋಡಿ. ರಾಗಿಯೂ ಒಂದು ಧಾನ್ಯ, ಅದರಲ್ಲೂ ಪಿಷ್ಟ ಇದೆ. ನಮ್ಮ ಮಾತು ನಂಬಿ ಒಬ್ಬ ಅಜ್ಜಿ ತನ್ನ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದರೆ ಆ ಪಾಪ ಯಾರಿಗೆ? 'ನೂರಕ್ಕೆ ನೂರು ಶುದ್ಧ' ಎಂಬ ಮಾತಿನಲ್ಲೂ ಎಚ್ಚರ ಇರಲಿ. ಡಬ್ಬಿ ಹಣ್ಣಿನ ರಸಗಳ ಮೇಲಿದ್ದ 'ಶೇಕಡ 100 ಹಣ್ಣಿನ ರಸ' ಎಂಬ ಬರಹವನ್ನು ತೆಗೆಯುವಂತೆ ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲಿ ತಯಾರಕರಿಗೆ ಸೂಚಿಸಿತು. ದೊಡ್ಡ ಕಂಪನಿಗಳಿಗೂ ನಮಗೂ ನಿಯಮ ಒಂದೇ.

ಹಾಗೆಯೇ ಬ್ಯಾಡಗಿ ಮೆಣಸಿನಕಾಯಿ, ಇಳಕಲ್ ಸೀರೆ ಮುಂತಾದ ಹೆಸರುಗಳಿಗೆ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಬೇರೆ ಕಡೆಯ ಮೆಣಸಿನಕಾಯಿ ಪುಡಿಗೆ 'ಬ್ಯಾಡಗಿ' ಎಂದು ಬರೆಯುವುದು ಅಲ್ಲಿನ ರೈತರ ಹೊಟ್ಟೆಗೆ ಹೊಡೆದಂತೆ. ಬೈಬಲಿನ ಜ್ಞಾನೋಕ್ತಿಗಳ ಪುಸ್ತಕ ಕಳ್ಳ ತಕ್ಕಡಿಯನ್ನು ಖಂಡಿಸುತ್ತದೆ. ಜಾಲತಾಣದಲ್ಲಿ ನಮ್ಮ ಮಾತೇ ತಕ್ಕಡಿ. ನಾವು ಯಾವ ಧರ್ಮದವರಾದರೂ ಈ ವಿಷಯದಲ್ಲಿ ಎರಡು ಮಾತಿಲ್ಲ.

ಸಂಘದ ಸುರಕ್ಷತೆಗೂ ಗಮನ ಕೊಡಿ. ಸದಸ್ಯೆಯರ ಆಧಾರ್ ನಂಬರ್, ಪಾಸ್‌ಬುಕ್ ಫೋಟೋ, ಮನೆ ವಿಳಾಸ ಜಾಲತಾಣಕ್ಕೆ ಹಾಕಬೇಡಿ. ಸಂಘದ ಹೆಸರಿನಲ್ಲಿ ಪ್ರತ್ಯೇಕ ಮೊಬೈಲ್ ನಂಬರ್ ಇಟ್ಟುಕೊಳ್ಳಿ. ಯಾವ ಸದಸ್ಯೆಯ ಫೋಟೋ ಹಾಕುವುದಿದ್ದರೂ ಅವಳ ಒಪ್ಪಿಗೆ ಪಡೆದು ನಡಾವಳಿಯಲ್ಲಿ ಬರೆಯಿರಿ. "ಗಂಡ ಬಿಟ್ಟು ಹೋದವಳು, ಕಡು ಬಡವಿ, ದಯವಿಟ್ಟು ಕೊಳ್ಳಿ" ಎಂಬ ಧಾಟಿಯ ಬರಹವೂ ಬೇಡ. ಅವಳ ಕಷ್ಟ ಮಾರಾಟದ ವಸ್ತುವಲ್ಲ. ನಾವು ಕೇಳುತ್ತಿರುವುದು ದುಡಿಮೆಗೆ ತಕ್ಕ ಬೆಲೆ.

ಬೇರೆಯವರು ಬರೆದುಕೊಟ್ಟರೆ ಆಗದೇ?

ಈಗ ಮೊಬೈಲಿನಲ್ಲೇ ಕೃತಕ ಬುದ್ಧಿಮತ್ತೆ ಬಂದಿದೆ. 'ಹಪ್ಪಳದ ಬಗ್ಗೆ ಬರೆ' ಎಂದರೆ ಅರ್ಧ ನಿಮಿಷದಲ್ಲಿ ಬರೆದುಕೊಡುತ್ತದೆ. ಕಾಗುಣಿತ ತಿದ್ದಲು, ಇಂಗ್ಲಿಷ್ ಮಾಡಿಸಲು ಅದನ್ನು ಬಳಸಿ, ಅಡ್ಡಿಯಿಲ್ಲ. ಆದರೆ ನೀವು ಹಿಟ್ಟಿಗೆ ಎಷ್ಟು ಉಪ್ಪು ಹಾಕಿದಿರಿ, ಹಪ್ಪಳ ಎಷ್ಟು ಬಿಸಿಲು ಕಂಡಿತು ಎಂಬುದು ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಅದು ಹೊಗಳಿಕೆ ತುಂಬುತ್ತದೆ, ಇಲ್ಲದ ಔಷಧೀಯ ಗುಣವನ್ನೂ ಸೇರಿಸಿಬಿಡಬಹುದು. ಕಂಪ್ಯೂಟರ್ ಹುಡುಗ ಬರೆದರೂ ಇದೇ ಕಥೆ. ಯಾರು ಟೈಪ್ ಮಾಡಿದರೂ ಅದರ ಕೆಳಗಿರುವುದು ನಮ್ಮ ಸಂಘದ ಹೆಸರು, ಉತ್ತರ ಹೇಳಬೇಕಾದವರೂ ನಾವೇ. ಹಾಗಾಗಿ ವಿಷಯ ನಮ್ಮದೇ ಇರಲಿ. ಪ್ರಕಟಿಸುವ ಮೊದಲು ಒಂದೊಂದು ಸಾಲನ್ನೂ ಸಭೆಯಲ್ಲಿ ಓದಿಸಿ ಒಪ್ಪಿಗೆ ಕೊಡಿ.

ಇನ್ನೊಂದು ಮಾತು. "ನನಗೆ ಓದೋಕೆ ಬರೋದಿಲ್ಲ, ನನಗ್ಯಾಕೆ ಇದು?" ಎನ್ನುವ ಸದಸ್ಯೆಯರು ನಮ್ಮಲ್ಲಿದ್ದಾರೆ. ಅನೇಕ ಸಲ ಹಿಟ್ಟಿನ ಹದ, ಬಿಸಿಲಿನ ಲೆಕ್ಕ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೇ. ಆದ್ದರಿಂದ ಅವರು ಹೇಳಲಿ, ಬರೆಯಲು ಬರುವವಳು ಹೇಳಿದ ಹಾಗೇ ಬರೆದುಕೊಳ್ಳಲಿ. ಬರೆದ ಮೇಲೆ ಗಟ್ಟಿಯಾಗಿ ಓದಿ ಹೇಳಿ. ಕೇಳಿದವರಿಗೆ ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಬರಹವನ್ನು ತಿದ್ದಬೇಕು. ಅವರಿಗೆ ತಿಳಿಯಲಿಲ್ಲ ಎಂದರೆ ತಪ್ಪು ಬರಹದ್ದು, ಅವರದ್ದಲ್ಲ. ಹೀಗೆ ಮಾಡಿದರೆ ಓದು ಬಾರದ ಅಕ್ಕನಿಗೂ ಸಂಘದ ವ್ಯಾಪಾರದಲ್ಲಿ ತನ್ನ ಮಾತು ಇದೆ ಎಂಬ ಧೈರ್ಯ ಬರುತ್ತದೆ. ಲಾಭದ ಲೆಕ್ಕ ಕೇಳುವ ಧೈರ್ಯಕ್ಕೆ ಅದೇ ಮೊದಲ ಮೆಟ್ಟಿಲು.

ಮುಂದಿನ ಸಭೆಯಲ್ಲಿ ಮಾಡಬೇಕಾದ ಕೆಲಸ

1. ನಿಮ್ಮ ಸಂಘದ ಒಂದೇ ಒಂದು ವಸ್ತುವನ್ನು ಆರಿಸಿ ಮಧ್ಯದಲ್ಲಿ ಇಡಿ.
2. ಇಬ್ಬರು ಸದಸ್ಯೆಯರು ಗಿರಾಕಿಗಳಾಗಲಿ. ಮನಸ್ಸಿಗೆ ಬಂದ ಪ್ರಶ್ನೆಗಳನ್ನೆಲ್ಲ ಕೇಳಲಿ. ಒಬ್ಬರು ಅವನ್ನು ಬರೆದುಕೊಳ್ಳಲಿ.
3. ಪ್ರತಿ ಪ್ರಶ್ನೆಗೂ ಒಂದೊಂದು ಸಾಲಿನ ಉತ್ತರ ಬರೆಯಿರಿ. ಆ ಉತ್ತರಗಳೇ ನಿಮ್ಮ ಜಾಲತಾಣದ ಬರಹ.
4. 'ಅತ್ಯುತ್ತಮ', 'ಅದ್ಭುತ', 'ಶುದ್ಧ' ಎಂಬ ಪದಗಳಿದ್ದರೆ ಅಡ್ಡಗೆರೆ ಎಳೆಯಿರಿ. ಅವು ಹೋದರೂ ಅರ್ಥ ಹೋಗಿಲ್ಲ ಎಂಬುದನ್ನು ಗಮನಿಸಿ.
5. ಬರಹವನ್ನು ಪಕ್ಕದ ಸಂಘದವರಿಗೆ ಓದಿ ಹೇಳಿ. ವಸ್ತುವನ್ನು ತೋರಿಸದೆ, ಅದು ಎಷ್ಟು ತೂಕ, ಏನು ಬೆಲೆ, ಹೇಗೆ ಬಳಸುವುದು ಎಂದು ಅವರನ್ನೇ ಕೇಳಿ. ಅವರು ಸರಿಯಾಗಿ ಹೇಳಿದರೆ ನಿಮ್ಮ ಬರಹ ಗೆದ್ದಿತು.
6. ಪ್ರತಿ ತಿಂಗಳ ಮೊದಲ ಸಭೆಯಲ್ಲಿ ಬೆಲೆ, ಫೋನ್ ನಂಬರ್, ಸಂಗ್ರಹ ಸರಿಯಾಗಿದೆಯೇ ಎಂದು ನೋಡುವ ಜವಾಬ್ದಾರಿಯನ್ನು ಒಬ್ಬರಿಗೆ ಕೊಟ್ಟು ನಡಾವಳಿಯಲ್ಲಿ ದಾಖಲಿಸಿ.

ಬರೆದ ಹಾಳೆಯನ್ನು ನಿಮ್ಮ ವಲಯದ ಕಾರ್ಯಕರ್ತೆಗೆ ತೋರಿಸಿ. ಅವರು ನೋಡಿಕೊಟ್ಟ ಮೇಲೆ ಜಾಲತಾಣಕ್ಕೆ ಹಾಕಿ. ನಿಮ್ಮ ದುಡಿಮೆಯ ಮೇಲೆ ದೇವರ ಆಶೀರ್ವಾದ ಇರಲಿ.